ಅಂಚು ಮುಕ್ಕಾದ ರೆಕಾರ್ಡು

ಕೊಡೆರಾಯರು ಸುಳ್ಳುಗಾರರಲ್ಲ. ಷಡ್ಡಕನ ಮನೆಗೆ ಹೋದಾಗ ಮಾತ್ರ ಇದ್ದ ನಿಜ ಅವರಿಗೆ ಸಾಲುತ್ತಿರಲಿಲ್ಲ, ಅಷ್ಟೆ.

ಅವರ ಅಸಲಿ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದಂತೆ ಊರಿಗೆಲ್ಲ ಅವರು ಕೊಡೆರಾಯರು. ರೈಲು ನಿಲ್ದಾಣದ ಕೊನೆಯ ಪ್ಲಾಟ್‌ಫಾರ್ಮಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ, ಒಂದು ಕಿಂಡಿಯ ಹಿಂದೆ ಕೂತು ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವುದು ಅವರ ಕೆಲಸ. ಜನ ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಕೊಡೆಯನ್ನು. ಅದರಿಂದ ಈ ಹೆಸರು. ಯಾರಾದರೂ ಏದುಸಿರು ಬಿಡುತ್ತಾ ಬಂದು "ಸಾರ್, ನನ್ನ ಕೊಡೆ" ಅಂದರೆ ರಾಯರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಗುರುತು ಹೇಳಿ" ಅನ್ನುತ್ತಿದ್ದರು.

"ಕಪ್ಪು ಕೊಡೆ ಸಾರ್."

"ಲೋಕದಲ್ಲಿರೋ ಕೊಡೆಯೆಲ್ಲ ಕಪ್ಪೇ. ಗುರುತು ಹೇಳಿ."

ತನ್ನ ವಸ್ತುವಿನ ಗುರುತು ಹೇಳಲಾರದವನಿಗೆ ಆ ವಸ್ತು ಇಟ್ಟುಕೊಳ್ಳುವ ಯೋಗ್ಯತೆಯೇ ಇಲ್ಲ ಅನ್ನುವುದು ರಾಯರ ಖಚಿತ ಅಭಿಪ್ರಾಯ. ಇದನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ರಾಯರು ಮುಂದೆ ಮರೆಯಲಿದ್ದಾರೆ.

ರಾಯರ ಹೆಂಡತಿಯ ತಂಗಿಯ ಗಂಡ, ಅಂದರೆ ಈ ಷಡ್ಡಕ, ಬಚ್ಚಲುಮನೆ ಟೈಲ್ಸ್ ವ್ಯಾಪಾರಿ. ಒಂದು ಭಾನುವಾರ ಅವನು ಹಜಾರದಲ್ಲಿ ಗಾಜಿನ ದೊಡ್ಡ ತೊಟ್ಟಿ ಇಡಿಸಿ, ಅದಕ್ಕೆ ಮೀನು ಬಿಟ್ಟು, ಮೀನು ನೋಡಲು ನೆಂಟರನ್ನು ಕರೆದ.

"ಭಾವ, ಆ ಕೆಂಪು ಮೀನು ನೋಡಿದ್ರಾ? ಅದೊಂದಕ್ಕೇ ನಿಮ್ಮ ಅರ್ಧ ಸಂಬಳ."

"ಏನು ಮಾಡುತ್ತೆ ಅದು?"

"ಮಾಡೋದೇನು ಬಂತು? ಇರುತ್ತೆ! ಮನುಷ್ಯ ಅಂದ್ಮೇಲೆ ಒಂದು ಹವ್ಯಾಸ ಅಂತ ಬೇಕು ಭಾವ. ನಿಮ್ಮದೇನು?"

ಕೆಂಪು ಮೀನು ಕೂಡ ಈಜುವುದು ನಿಲ್ಲಿಸಿ ರಾಯರ ಉತ್ತರಕ್ಕೆ ಕಾದಂತಿತ್ತು. ಆ ಹೊತ್ತಿಗೆ ರಾಯರಿಗೆ ಹಿಂದಿನ ವಾರದ ಘಟನೆಯೊಂದು ನೆನಪಾಯಿತು. ಯಾರೋ ಮಧ್ಯವಯಸ್ಸಿನ ಗಂಡಸು ರೈಲಿನಲ್ಲಿ ಬಿಟ್ಟುಹೋದ ಹಳೇ ಗ್ರಾಮಫೋನ್ ರೆಕಾರ್ಡು ಹುಡುಕಿಕೊಂಡು ಬಂದಿದ್ದ. ಗುರುತು ಸರಿಯಾಗಿ ಹೇಳಿದ. ರೆಕಾರ್ಡು ಕೈಗೆ ಕೊಟ್ಟದ್ದೇ ತಡ, ಎದೆಗವಚಿಕೊಂಡು ಕಿಂಡಿಯ ಮುಂದೆಯೇ ಅತ್ತುಬಿಟ್ಟ. ಕೊಡೆ ಸಿಕ್ಕಾಗ ಯಾರೂ ಅಳುವುದಿಲ್ಲ. ಆ ಕಪ್ಪು ತಟ್ಟೆಯಲ್ಲಿ ಅಂಥದ್ದೇನಿದೆ ಎಂದು ರಾಯರ ತಲೆಯಲ್ಲಿ ಹುಳ ಹೊಕ್ಕಿತ್ತು. ಆ ಹುಳವೇ ಈಗ ಬಾಯಿಂದ ಹೊರಬಂತು.

"ನಾನು ರೆಕಾರ್ಡು ಸಂಗ್ರಹ ಮಾಡ್ತೀನಿ."

ರಾಯರ ಹೆಂಡತಿ ಗಂಡನ ಮುಖ ನೋಡಿದಳು. ಹಿಂದಿನ ಕ್ಷಣದವರೆಗೂ ಅವಳಿಗೆ ಈ ಸುದ್ದಿ ಇರಲಿಲ್ಲ, ರಾಯರಿಗೂ ಇರಲಿಲ್ಲ.

ಆಡಿದ ಮಾತನ್ನು ನಿಜ ಮಾಡಲು ರಾಯರು ಮರುದಿನವೇ ಊಟದ ವಿರಾಮದಲ್ಲಿ ಐಸ್ ಫ್ಯಾಕ್ಟರಿ ಹಿಂದಿನ ಗುಜರಿ ಅಂಗಡಿಗೆ ಹೋದರು. ಮುರಿದ ಕುರ್ಚಿ, ನಿಂತ ಗಡಿಯಾರ, ಕೈಯಿಲ್ಲದ ಕಪ್ಪುಗಳ ನಡುವೆ ಒಂದು ರೆಕಾರ್ಡು ಸಿಕ್ಕಿತು. ಬೆಲೆ ಎರಡು ಲೋಟ ಟೀಯಷ್ಟು. ಅದನ್ನು ಕಂಕುಳಲ್ಲಿಟ್ಟು ಮನೆಗೆ ನುಗ್ಗುವ ಸಂಭ್ರಮದಲ್ಲಿ ಬಾಗಿಲ ಚೌಕಟ್ಟಿಗೆ ತಾಗಿಸಿ, ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಮುಕ್ಕು ಮಾಡಿದರು.

"ಇದನ್ನ ಹಾಕೋಕೆ ಯಂತ್ರ ಎಲ್ಲಿ?" ಅಂದಳು ಹೆಂಡತಿ.

"ನಿಜವಾದ ಸಂಗ್ರಾಹಕ ಹಾಕಲ್ಲ ಇವಳೇ. ಮುಳ್ಳು ತಾಕಿದ್ರೆ ಸವೆದು ಹೋಗುತ್ತೆ."

"ಮತ್ತೆ ಕೇಳೋದು?"

"ಕೇಳೋದಲ್ಲ, ಇಟ್ಕೊಳ್ಳೋದು."

"ಎಲ್ಲಿ ಇಟ್ಕೊಳ್ಳೋದು? ನನ್ನ ಬಟ್ಟೆ ಬೀರುವಿನಲ್ಲಾ?"

ಅಲ್ಲೇ. ಅವರದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಬೇರೆ ಜಾಗ ಇರಲಿಲ್ಲ. ಒಂದು ಕೋಣೆಯ ಕಿಟಕಿಯ ಬಳಿ ಅವಳ ಹೊಲಿಗೆ ಯಂತ್ರ. ಅಕ್ಕಪಕ್ಕದವರ ಪರದೆ, ದಿಂಬಿನ ಚೀಲ ಹೊಲಿದು ಅವಳು ನಾಲ್ಕು ಕಾಸು ಸಂಪಾದಿಸುತ್ತಿದ್ದಳು. ಯಂತ್ರ ಕೈಯಲ್ಲಿ ತಿರುಗಿಸುವಂಥದ್ದು. ತಿರುಗಿಸಿ ತಿರುಗಿಸಿ ಬಲ ಭುಜ ಕೆಟ್ಟುಹೋಗಿತ್ತು. ಕೆಳಮನೆಯ ನಿವೃತ್ತ ನರ್ಸಮ್ಮ, "ಒಂದೋ ಮೋಟಾರಿನ ಯಂತ್ರ ತಗೋ, ಇಲ್ಲಾ ಹೊಲಿಗೆ ಬಿಡು. ಹೀಗೇ ಇದ್ರೆ ಇನ್ನು ಕೈ ಮೇಲೆತ್ತೋಕಾಗಲ್ಲ" ಎಂದು ಖಡಾಖಂಡಿತ ಹೇಳಿಬಿಟ್ಟಿದ್ದಳು. ಮೋಟಾರಿನ ಯಂತ್ರಕ್ಕಾಗಿ ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಗಂಡ ಹೆಂಡತಿ ಇಬ್ಬರೂ ಅದಕ್ಕೆ ಕೈಲಾದದ್ದು ಹಾಕುತ್ತಿದ್ದರು. ಈ ಡಬ್ಬಿಯ ಕಡೆ ಒಂದು ಕಣ್ಣಿರಲಿ.

ರಾಯರು ಆಮೇಲೆ ವಾರಕ್ಕೊಂದೆರಡು ರೆಕಾರ್ಡು ತಂದರು. ಗುಜರಿ ಅಂಗಡಿಯಿಂದ ಅನ್ನಲು ನಾಚಿಕೆಯಾಗಿ, "ದೂರದೂರಿನ ದೊಡ್ಡ ಸಂಗ್ರಾಹಕರ ಹತ್ತಿರ ತರಿಸಿದ್ದು" ಅಂದರು. ಬೀರುವಿನಲ್ಲಿ ಬಣ್ಣಬಣ್ಣದ ಕವರುಗಳು ಸಾಲಾಗಿ ನಿಂತವು. ಸಂಜೆ ಬಾಗಿಲು ತೆರೆದು, ಕೈ ಕಟ್ಟಿ ನಿಂತು, ಒಂದನ್ನೂ ಮುಟ್ಟದೆ ನೋಡುವುದು ರಾಯರ ದಿನಚರಿಯಾಯಿತು.

ಇಲ್ಲಿ ರಾಯರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಾವು ಹೇಳಿಬಿಡಬೇಕು. ಹೆಂಡತಿಯ ಸೀರೆಗಳು ಕುರ್ಚಿಯ ಮೇಲೆ ಬಂದು ಬಿದ್ದ ದಿನ ಅವಳಿಗೊಂದು ಉಪಾಯ ಹೊಳೆಯಿತು. ಹೇಗೂ ಗಂಡ ನೋಡುವುದು ಕವರನ್ನು; ಒಳಗಿನ ತಟ್ಟೆ ಇದ್ದರೆಷ್ಟು, ಇಲ್ಲದಿದ್ದರೆಷ್ಟು? ಪರದೆ ಬಟ್ಟೆ ಸುತ್ತಿಬರುವ ರಟ್ಟನ್ನು ದುಂಡಗೆ ಕತ್ತರಿಸಿ ಕವರಿನೊಳಗೆ ತೂರಿಸಿದಳು. ಕವರು ಹೊಟ್ಟೆ ತುಂಬಿದಂತೆಯೇ ನಿಂತಿತು. ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಮಾರಲು ಹೊರಟಳು. ಎಲ್ಲಿಗೆ? ತನ್ನ ಗಂಡನಂಥ ಘನ ಸಂಗ್ರಾಹಕ ಕನಸಿನಲ್ಲೂ ಕಾಲಿಡದ ಜಾಗಕ್ಕೆ: ಐಸ್ ಫ್ಯಾಕ್ಟರಿ ಹಿಂದಿನ ಗುಜರಿ ಅಂಗಡಿಗೆ. ಬಂದ ಹಣವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದಳು.

ಅವಳು ಬೆಳಿಗ್ಗೆ ಹೋಗುತ್ತಿದ್ದಳು, ರಾಯರು ಮಧ್ಯಾಹ್ನ. ಗುಜರಿಯವನಿಗೆ ಇಬ್ಬರ ನಂಟು ಗೊತ್ತಿರಲಿಲ್ಲ.

"ಸಾರ್, ಹೊಸ ಮಾಲು ಬಂದಿದೆ," ಎಂದು ಅವನು ರಾಯರ ಮುಂದೆ ಖಾಕಿ ಕಾಗದದ ಚೀಲವೊಂದನ್ನು ಹಿಡಿದ.

"ಇದಕ್ಕೆ ಕವರೇ ಇಲ್ವಲ್ಲಯ್ಯ?"

"ಕವರು ನೋಡಿ ಕೊಳ್ಳೋರು ಸಾಮಾನ್ಯ ಜನ ಸಾರ್. ತಿಳಿದೋರು ಕೇಳೋದೇ ಕವರಿಲ್ಲದ್ದು."

ತಿಳಿದವರಲ್ಲೊಬ್ಬರಾದ ರಾಯರು ಕೂಡಲೇ ಕೊಂಡರು. ಹೋದದ್ದು ಒಂದು ಅಂಗಿ ಬಟ್ಟೆಯ ದುಡ್ಡು. ಸ್ವಂತ ರೆಕಾರ್ಡನ್ನು ಎರಡನೇ ಸಲ ಕೊಂಡು, ಬೀರುವಿನ ಹಿಂದಿನ ಸಾಲಿನಲ್ಲಿ ಭದ್ರವಾಗಿಟ್ಟರು. ಎಲ್ಲ ತಟ್ಟೆಯೂ ಒಂದೇ ಥರ ಕಾಣುವ ಹೆಂಡತಿ, ಅದರ ಜಾಗಕ್ಕೂ ರಟ್ಟಿಟ್ಟು, ಮುಂದಿನ ವಾರ ಮತ್ತೆ ಒಯ್ದಳು.

ಹೀಗೆ ಅವೇ ರೆಕಾರ್ಡುಗಳು ಬೆಳಿಗ್ಗೆ ಅಂಗಡಿಗೆ ಹೋಗುವುದು, ಮಧ್ಯಾಹ್ನ ಮನೆಗೆ ಬರುವುದು ಶುರುವಾಯಿತು. ಮಾರಲು ಬರುವವರು ಒಬ್ಬರು, ತಂದದ್ದೆಲ್ಲ ಎತ್ತಿಕೊಳ್ಳುವವರು ಒಬ್ಬರು ಇದ್ದಾಗ ಯಾವ ವ್ಯಾಪಾರಿ ತಾನೆ ಬೆಲೆ ಏರಿಸದೆ ಇರುತ್ತಾನೆ? ಅಂಗಿ ಬಟ್ಟೆಯ ಬೆಲೆ ಒಂದು ಜೊತೆ ಬೂಟಿಗೆ ಏರಿತು, ಬೂಟಿನಿಂದ ಮೇಜಿನ ಫ್ಯಾನಿಗೆ.

"ಏನಯ್ಯ ಇದು, ಹೋದ ತಿಂಗಳು ಇಷ್ಟಿರಲಿಲ್ಲ!"

"ಬೇಡಿಕೆ ಸಾರ್! ಜಗತ್ತಿನಾದ್ಯಂತ ಹೀಗೇ ಆಗಿದೆ."

ಜಗತ್ತು ಅಂದರೆ ಇಲ್ಲಿ ಒಂದು ಬೀರು ಮತ್ತು ಒಂದು ಗುಜರಿ ಅಂಗಡಿ. ರಾಯರಿಗೆ ಬೇಜಾರಾಗಲಿಲ್ಲ, ಹೆಮ್ಮೆಯಾಯಿತು. ತಾನು ಕೊಂಡದ್ದೆಲ್ಲ ಏರುತ್ತಿದೆ! ಒಂದು ದಿನ ಎಲ್ಲವನ್ನೂ ಒಟ್ಟಿಗೆ ಮಾರಿ ಹೆಂಡತಿಗೆ ಮೋಟಾರಿನ ಯಂತ್ರ ತಂದು ಬೆರಗುಗೊಳಿಸಬೇಕು ಎಂದುಕೊಂಡು, ಸದ್ಯಕ್ಕೆ ಬಿಸ್ಕತ್ತಿನ ಡಬ್ಬಿಯಿಂದಲೇ ಎತ್ತುತ್ತಿದ್ದರು. ಎಷ್ಟು ತೆಗೆದರೂ ಡಬ್ಬಿ ಬರಿದಾಗದಿರುವುದು ಅವರಿಗೊಂದು ಸೋಜಿಗ. ಎಷ್ಟು ಹಾಕಿದರೂ ತುಂಬದಿರುವುದು ಹೆಂಡತಿಗೊಂದು ಸೋಜಿಗ. ತಾನು ಕದ್ದು ಹಾಕಿದ್ದನ್ನು ಹೇಳದೆ ಇದನ್ನು ಕೇಳುವುದು ಹೇಗೆಂದು ಅವಳು, ತಾನು ಕದ್ದು ತೆಗೆದದ್ದನ್ನು ಹೇಳದೆ ಕೇಳುವುದು ಹೇಗೆಂದು ಅವರು, ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ಸಂಜೆ ಅವಳ ಭುಜಕ್ಕೆ ಎಣ್ಣೆ ತಿಕ್ಕುವಾಗ ಮಾತ್ರ ರಾಯರಿಗೆ ನಿಜವಾಗಿಯೂ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ರಾಯರ ಕೀರ್ತಿ ಕಚೇರಿಗೂ ಮುಟ್ಟಿತು. ಸ್ಟೇಷನ್ ಮಾಸ್ತರರು ಕರೆಸಿ, "ನೀವು ಸಂಗೀತ ಬಲ್ಲೋರಂತೆ. ನಮ್ಮ ಲೌಡ್ ಸ್ಪೀಕರ್ ಹೇಗಿದೆ ಅಂತ ಸ್ವಲ್ಪ ಕಿವಿಗೊಟ್ಟು ಹೇಳಿ" ಅಂದರು. ಜೀವಮಾನದಲ್ಲಿ ಒಂದು ರೆಕಾರ್ಡನ್ನೂ ಕೇಳದ ರಾಯರು ಕಣ್ಣು ಮುಚ್ಚಿ, ತಲೆ ವಾಲಿಸಿ, "ರೈಲು ತಡವಾಗಿದೆ ಅನ್ನೋವಾಗ ಧ್ವನಿಯಲ್ಲಿ ಪಶ್ಚಾತ್ತಾಪ ಸಾಲದು" ಅಂದರು. ಮಾಸ್ತರರು ಗಾಬರಿಯಾಗಿ ಘೋಷಣೆ ಮಾಡುವವನನ್ನು ಕರೆದು ಗದರಿದರು. ಅಂದಿನಿಂದ ಅವನು ಪ್ರತಿ ರೈಲಿಗೂ ಸಾವಿನ ಸುದ್ದಿಯಂತೆ ಘೋಷಣೆ ಮಾಡತೊಡಗಿ, ಪ್ರಯಾಣಿಕರು ಟೋಪಿ ತೆಗೆದು ಎದ್ದು ನಿಲ್ಲುವಂತಾಯಿತು.

ಇತ್ತ ಗುಜರಿಯವನು ತನ್ನ ಇಬ್ಬರು ಗಿರಾಕಿಗಳ ಬಗ್ಗೆ ಪರಸ್ಪರ ಕಥೆ ಕಟ್ಟುತ್ತಿದ್ದ. ಹೆಂಡತಿಗೆ, "ಒಬ್ಬ ಹುಚ್ಚು ಶ್ರೀಮಂತ ಇದ್ದಾನಮ್ಮ, ನೀವು ತಂದದ್ದೆಲ್ಲ ಕಣ್ಣುಮುಚ್ಚಿ ಕೊಳ್ತಾನೆ" ಅಂದ. ರಾಯರಿಗೆ, "ದೊಡ್ಡ ಮನೆತನದ ಹೆಣ್ಣುಮಗಳು ಸಾರ್. ಏನು ಕಷ್ಟವೋ, ಒಂದೊಂದೇ ತಂದು ಮಾರ್ತಾರೆ" ಅಂದ.

ರಾಯರ ಕರುಳು ಚುರುಕ್ಕೆಂದಿತು. ಎಂಥ ಹೆಂಗಸಿರಬಹುದು! ಆಕೆ ಮಾರುವುದೆಲ್ಲ ತನಗೆ ಹಿಡಿಸುತ್ತದೆ. ಇಬ್ಬರ ಅಭಿರುಚಿಯಲ್ಲಿ ಕೂದಲೆಳೆಯಷ್ಟೂ ಅಂತರವಿಲ್ಲ. ತನ್ನ ಹೆಂಡತಿಗೆ ಇಂಥ ರುಚಿಯ ಕಾಲುಭಾಗ ಇದ್ದಿದ್ದರೆ ಎಂದು ಒಮ್ಮೆ ನಿಟ್ಟುಸಿರು ಕೂಡ ಬಿಟ್ಟರು.

ಒಂದು ಬೆಳಿಗ್ಗೆ ಹೆಂಡತಿ, "ಇನ್ನೊಂದು ಉಳಿದಿದೆ, ಆದ್ರೆ ಅಂಚು ಮುಕ್ಕಾಗಿದೆ. ಯಾರು ತಗೊಳ್ತಾರೆ?" ಅಂದಳು. ಮುಕ್ಕಾದದ್ದಕ್ಕೆ ಏನೂ ಹುಟ್ಟುವುದಿಲ್ಲವೆಂದು ಅದೊಂದನ್ನು ಅವಳು ಇಷ್ಟು ದಿನ ಹೊಲಿಗೆ ಬಟ್ಟೆಗಳ ಕೆಳಗೆ ಇಟ್ಟಿದ್ದಳು. ಗುಜರಿಯವನ ಕಿವಿ ನೆಟ್ಟಗಾಯಿತು; "ಶನಿವಾರ ಸಂಜೆ ತನ್ನಿ ಅಮ್ಮ, ಆ ಶ್ರೀಮಂತನನ್ನೂ ಕರೆಸಿರ್ತೀನಿ" ಅಂದ. ಮಧ್ಯಾಹ್ನ ರಾಯರಿಗೆ ಪಿಸುಗುಟ್ಟಿದ: "ಸಾರ್, ಅಂಚು ಮುಕ್ಕಾದ ರೆಕಾರ್ಡು! ಬೇಕು ಅಂದ್ರೂ ಸಿಗೋದಲ್ಲ. ಒಂದು ಸೈಕಲ್ಲಿನ ಬೆಲೆ ಆಗುತ್ತೆ. ಶನಿವಾರ ಸಂಜೆ ಆ ಅಮ್ಮ ತಾವೇ ತರ್ತಾರೆ. ನಾನು ಪ್ಲೇಯರ್ ಒಂದನ್ನ ಸರಿಮಾಡಿಸಿ ಇಟ್ಟಿರ್ತೀನಿ, ಕೇಳಿಯೇ ತಗೊಳ್ಳಿ."

ಅಂಚು ಮುಕ್ಕಾದದ್ದು! ರಾಯರ ಮೈ ಜುಮ್ಮೆಂದಿತು. ಅಂಥದ್ದೇ ಒಂದು ತನ್ನ ಬೀರುವಿನಲ್ಲೂ ಇದೆಯಲ್ಲ. ಹಾಗಾದರೆ ಲೋಕದಲ್ಲಿರುವುದು ಎರಡೇ, ಎರಡೂ ತನ್ನವೇ ಆಗುತ್ತವೆ! ಇಡೀ ಊರಿನ ಕೊಡೆಗಳ ಗುರುತು ಕೇಳಿದ ಮನುಷ್ಯ ತನ್ನದೇ ಮುಕ್ಕಿನ ಗುರುತು ಹಿಡಿಯದೆ ಕುಣಿಯುತ್ತಾ ಮನೆಗೆ ಬಂದರು.

ಮೆಟ್ಟಿಲ ಬಳಿ ನರ್ಸಮ್ಮ ಹಿಡಿದು ಕೂರಿಸಿದಳು. ಬಂದುಹೋಗುವವರ ರಕ್ತದೊತ್ತಡ ನೋಡುವ ಚಟ ಅವಳಿಗೆ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ತೋಳಿಗೆ ಪಟ್ಟಿ ಸುತ್ತುವಾಗ ರಾಯರಿಗೆ ಮನಸ್ಸು ತಡೆಯಲಿಲ್ಲ.

"ಶನಿವಾರ ಸಂಜೆ ಒಬ್ಬ ಹೆಣ್ಣುಮಗಳನ್ನ ಭೇಟಿಯಾಗ್ತಿದ್ದೀನಿ ನರ್ಸಮ್ಮ. ಐಸ್ ಫ್ಯಾಕ್ಟರಿ ಹಿಂದೆ. ಇದುವರೆಗೂ ಮುಖ ನೋಡಿಲ್ಲ, ಆದರೆ ನಮ್ಮಿಬ್ಬರ ರುಚಿ ಒಂದೇ."

ಪಾದರಸ ಸರ್ರನೆ ಮೇಲೇರಿತು. ನರ್ಸಮ್ಮ ಪಟ್ಟಿ ಬಿಚ್ಚಿದವಳೇ ಮೂರು ಮಹಡಿ ಹತ್ತಿ ರಾಯರ ಹೆಂಡತಿಗೆ ವರದಿ ಒಪ್ಪಿಸಿದಳು. "ನೋಡಮ್ಮ, ರೈಲಿನ ವಿಷಯ ಮಾತಾಡೋವಾಗ ಸರಿಯಾಗೇ ಇತ್ತು. ಆ ಹೆಂಗಸಿನ ಮಾತು ಬಂತು, ಏರಿತು. ನನ್ನ ಸರ್ವೀಸಿನಲ್ಲಿ ಈ ಲಕ್ಷಣ ಬೇಕಾದಷ್ಟು ನೋಡಿದ್ದೀನಿ." ಮನೆಗೆ ಇಳಿದು ಬಂದು ರಾಯರ ಹೆಂಡತಿಯ ತಂಗಿಗೂ ಫೋನು ಮಾಡಿದಳು, ಸಮಾಜಸೇವೆಯ ದೃಷ್ಟಿಯಿಂದ.

ಐಸ್ ಫ್ಯಾಕ್ಟರಿ, ಶನಿವಾರ, ಸಂಜೆ. ರಾಯರ ಹೆಂಡತಿ ಸಮಾಧಾನದಿಂದ ಕೂಡಿಸಿ ನೋಡಿದ್ದರೆ ಉತ್ತರ ಅಲ್ಲೇ ಸಿಗುತ್ತಿತ್ತು. ಆದರೆ ಶನಿವಾರ ಅಟ್ಟಣಿಗೆಯಿಂದ ಡಬ್ಬಿ ಇಳಿಸಿ ನೋಡಿದಾಗ ಅದರಲ್ಲಿ ಒಂದು ಗುಂಡಿ, ಒಂದು ಸೂಜಿ ಬಿಟ್ಟರೆ ಏನೂ ಇರಲಿಲ್ಲ. ತನ್ನ ಭುಜ ಸವೆಸಿದ ದುಡ್ಡು ಇನ್ಯಾರದೋ ಪಾಲಾಯಿತಲ್ಲ ಎಂದು ಗಳಗಳನೆ ಅತ್ತಳು. ಆಮೇಲೆ ಮುಖ ತೊಳೆದು, ಮುಕ್ಕಾದ ರೆಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಳು. ಹುಚ್ಚು ಶ್ರೀಮಂತನಿಗೆ ಇದನ್ನು ಮಾರುವುದು, ಆ ಹೆಂಗಸಿನ ಮುಖ ನೋಡುವುದು, ಎರಡೂ ಒಂದೇ ಓಡಾಟದಲ್ಲಿ ಮುಗಿಯುತ್ತದೆ.

ರಾಯರು ಇಸ್ತ್ರಿ ಅಂಗಿ ತೊಟ್ಟು, ಜೇಬು ಉಬ್ಬಿಸಿಕೊಂಡು, ಅಂಗಡಿಯ ಮೂರು ಕಾಲಿನ ಕುರ್ಚಿಯಲ್ಲಿ ಸಮತೋಲನ ಮಾಡುತ್ತಾ ಕೂತಿದ್ದರು. ಬಾಗಿಲಲ್ಲಿ ಹೆಂಡತಿ ಕಂಡಳು.

"ನೀನಾ?"

"ನೀವಾ? ಎಲ್ಲಿ ಅವಳು?"

"ಯಾರು?"

"ಅದೇ, ನಿಮ್ಮ ರುಚಿಯೋಳು!" ಎನ್ನುತ್ತಾ ಅವಳು ಮುರಿದ ಬೀರುಗಳ ಹಿಂದೆಲ್ಲ ಇಣುಕಿ ನೋಡಿದಳು.

ಗುಜರಿಯವನು ಕೈ ಮುಗಿದು ಮುಂದೆ ಬಂದ. "ಪರಿಚಯ ಮಾಡಿಸ್ತೀನಿ ಸಾರ್. ಇವರೇ ಆ ದೊಡ್ಡ ಮನೆತನದ ಅಮ್ಮ. ಅಮ್ಮ, ಇವರೇ ಆ ಹುಚ್ಚು… ಅಂದ್ರೆ, ರಸಿಕರು."

ಅಂಗಡಿಯಲ್ಲಿದ್ದ ನಿಂತ ಗಡಿಯಾರಗಳಲ್ಲಿ ಒಂದೆರಡಾದರೂ ಆಗ ನಡೆಯತೊಡಗಿದ್ದರೆ ಆಶ್ಚರ್ಯವಿರಲಿಲ್ಲ, ಅಷ್ಟು ಹೊತ್ತು ಗಂಡ ಹೆಂಡತಿ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ಅಳೆದರು. ಮೊದಲು ತಿಳಿದದ್ದು ಹೆಂಡತಿಗೆ. ಟವೆಲ್ಲಿನ ಗಂಟನ್ನು ಬಿಚ್ಚದೆ ಗಂಡನ ಮುಂದೆ ಹಿಡಿದಳು.

"ಗುರುತು ಹೇಳಿ."

"ಏನು?"

"ದಿನಾ ಊರಿನೋರನ್ನ ಕೇಳ್ತೀರಲ್ಲ. ಈಗ ನೀವು ಹೇಳಿ."

ರಾಯರು ಕನ್ನಡಕವನ್ನು ಮೂಗಿನ ತುದಿಗಿಳಿಸಿದರು. "ಅಂಚಿನಲ್ಲಿ ಮುಕ್ಕು… ಹೆಬ್ಬೆರಳಿನ ಉಗುರಿನಷ್ಟು… ನಮ್ಮನೆ ಬಾಗಿಲ ಚೌಕಟ್ಟಿಗೆ ತಾಗಿ…" ಅವರ ಮುಖದ ಮೇಲೆ ಅರಿವು ಮೂಡಿದ್ದನ್ನು ನೋಡಿ ಗುಜರಿಯವನೇ ಕುರ್ಚಿ ಹಿಡಿದುಕೊಂಡ.

ನಿಧಾನವಾಗಿ ಎಲ್ಲ ಹೊರಬಂತು: ರಟ್ಟು, ಕವರು, ಡಬ್ಬಿ, ಬೆಳಿಗ್ಗೆ, ಮಧ್ಯಾಹ್ನ. ರಾಯರು ಜೇಬಿನ ದುಡ್ಡು ತೆಗೆದು ಹೆಂಡತಿಯ ಕೈಗಿಟ್ಟು, "ತಪ್ಪಾಯ್ತು ಕಣೇ. ನಿನ್ನ ಯಂತ್ರಕ್ಕೇ ಅಂತ ಮಾಡೋಕೆ ಹೋದೆ" ಅಂದರು. "ನಾನೂ ಅದಕ್ಕೇ ಅಲ್ವಾ ಮಾರಿದ್ದು?" ಅಂದಳು ಅವಳು. ಎಣಿಸಿ ನೋಡಿದರೆ ಯಂತ್ರ ಹಾಗಿರಲಿ, ಅದರ ಮೋಟಾರಿಗೂ ಸಾಲದು. ನಡುವಿನದೆಲ್ಲ ಗುಜರಿಯವನ ಪಾಲಾಗಿತ್ತು. ಪಾಪ, ಅವನಿಗೂ ಮುಖ ಎತ್ತಲಾಗಲಿಲ್ಲ.

"ಬಂದದ್ದಾಯ್ತಲ್ಲ," ಅಂದಳು ಹೆಂಡತಿ ಕೊನೆಗೆ. "ಇಷ್ಟು ಕುಣಿಸಿದ್ದು ಏನದು ಅಂತ ಒಂದ್ಸಲ ಕೇಳೇಬಿಡೋಣ."

ಗುಜರಿಯವನು ಮುಕ್ಕಾದ ರೆಕಾರ್ಡನ್ನು ಪ್ಲೇಯರಿಗೆ ಹಾಕಿ ಮುಳ್ಳು ಇಳಿಸಿದ. ಕರಕರ ಸದ್ದಾಯಿತು. ಮೂವರೂ ಉಸಿರು ಬಿಗಿಹಿಡಿದು ಬಾಗಿದರು. ಒಬ್ಬ ಗಂಡಸಿನ ಗಂಭೀರ ಧ್ವನಿ ಬಂತು: "ಈಗ ನಿಮಗೆ ಎಡಗಡೆಯ ಪೆಟ್ಟಿಗೆಯಿಂದ ಕೇಳಿಸುತ್ತಿದೆ. ಈಗ ಬಲಗಡೆಯ ಪೆಟ್ಟಿಗೆಯಿಂದ ಕೇಳಿಸುತ್ತಿದೆ. ಕೇಳಿಸದಿದ್ದಲ್ಲಿ ಮೆಕ್ಯಾನಿಕ್‌ನನ್ನು ಸಂಪರ್ಕಿಸಿ." ಆಮೇಲೆ ಒಂದು ಉದ್ದನೆಯ ಕೂಂಯ್ ಶಬ್ದ. ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸುವ ರೆಕಾರ್ಡು ಅದು. ಹಾಡಿನ ಸೊಲ್ಲೇ ಇಲ್ಲ.

ಹೆಂಡತಿಗೆ ನಗು ಉಕ್ಕಿ ಬಂತು. ಭುಜ ಹಿಡಿದುಕೊಂಡು ನಕ್ಕಳು. ರಾಯರೂ ನಕ್ಕರು. ನಗುತ್ತಲೇ ಗುಜರಿಯವನು ಅಲ್ಲಿದ್ದ ಇನ್ನೊಂದು ರೆಕಾರ್ಡು ಹಾಕಿದ. ಅದರಲ್ಲಿ ಯಾರೋ ಮುದುಕಿ ಮಗುವನ್ನು ಮಲಗಿಸುತ್ತಿದ್ದಳು. ಮಾತು ಅರ್ಧ ಸವೆದುಹೋಗಿತ್ತು, ದನಿ ಮಾತ್ರ ಇತ್ತು. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಕಿಂಡಿಯ ಮುಂದೆ ಅತ್ತವನ ಕಣ್ಣೀರನ್ನು ಅವರು ಈಗ ಗುರುತು ಹಿಡಿದರು.

ಅದೇ ಹೊತ್ತಿಗೆ ನರ್ಸಮ್ಮನ ಮುಂದಾಳತ್ವದಲ್ಲಿ ಷಡ್ಡಕ, ತಂಗಿ ಇಬ್ಬರೂ ಒಳಗೆ ನುಗ್ಗಿದರು. ಹಗರಣ ನೋಡಲು ಬಂದವರಿಗೆ ಕಂಡದ್ದು ಗಂಡ ಹೆಂಡತಿ ಅಕ್ಕಪಕ್ಕ ಕೂತು ಕಣ್ಣೊರೆಸಿಕೊಳ್ಳುವ ದೃಶ್ಯ. ಷಡ್ಡಕನ ಕಣ್ಣು ಮುಕ್ಕಾದ ರೆಕಾರ್ಡಿನ ಮೇಲೆ ಬಿತ್ತು.

"ಏನದು? ಎಷ್ಟು ಅದಕ್ಕೆ?"

"ಎರಡು ಟೀ ದುಡ್ಡಿಗೆ ಬಂದದ್ದು ಸೈಕಲ್ಲಿಗೆ ಬಂದು ನಿಂತಿದೆ ಸಾರ್," ಅಂದ ಗುಜರಿಯವನು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ನಾನು ತಗೊಳ್ತೀನಿ."

ರಾಯರಿಗೆ ಜೀವನದಲ್ಲಿ ಮೊದಲ ಸಲ ಷಡ್ಡಕನ ಮುಂದೆ ಇದ್ದ ನಿಜ ಸಾಕೆನಿಸಿತು. "ಬೇಡ ಕಣಯ್ಯ. ಅದರಲ್ಲಿ ಹಾಡೇ ಇಲ್ಲ. ಕೂಂಯ್ ಅನ್ನುತ್ತೆ ಅಷ್ಟೆ. ಮುಕ್ಕು ಮಾಡಿದ್ದೂ ನಾನೇ."

"ಆಹಾ ಭಾವ! ನನ್ನ ಕೈಗೆ ಸಿಗಬಾರದು ಅಂತ ತಾನೆ ಇಷ್ಟೆಲ್ಲ? ಗೊತ್ತಾಗುತ್ತೆ ನಂಗೆ."

"ನಿಜವಾಗ್ಲೂ ಬೇಡಪ್ಪ," ಅಂದಳು ರಾಯರ ಹೆಂಡತಿ. "ನಮ್ಮನೇಲಿರೋದೂ ಎಲ್ಲ ಬರೀ ದಂಡ."

"ನಿಮ್ಮನೇಲಿರೋದೂ ಸೇರಿಸಿ ಹೇಳಿ!"

ಬೇಡ ಬೇಡ ಅಂದಷ್ಟೂ ಅವನು ಏರಿಸಿದ. ಮೋಟಾರಿನ ಯಂತ್ರದ ಬೆಲೆ ಮುಟ್ಟಿದಾಗ ರಾಯರ ಹೆಂಡತಿ, ಹೇಳುವಷ್ಟು ಹೇಳಿಯಾಯಿತೆಂದು, ಸುಮ್ಮನಾದಳು.

ರಟ್ಟುಗಳನ್ನು ತೆಗೆದು, ತಟ್ಟೆಗಳನ್ನು ಮತ್ತೆ ಕವರಿಗೆ ಸೇರಿಸಿ ಷಡ್ಡಕನಿಗೆ ಒಪ್ಪಿಸಿಯಾಯಿತು, ಯಂತ್ರ ಮನೆಗೆ ಬಂತು. ಗುಂಡಿ ಒತ್ತಿದರೆ ಗುಂಯ್ ಎಂದು ಓಡುತ್ತದೆ, ಭುಜ ಅಲುಗಿಸಬೇಕಾಗಿಲ್ಲ. ಗುಜರಿಯವನು ಪಶ್ಚಾತ್ತಾಪಕ್ಕೆಂದು ಪ್ಲೇಯರನ್ನೂ ಮುದುಕಿಯ ರೆಕಾರ್ಡನ್ನೂ ಪುಕ್ಕಟೆ ಕೊಟ್ಟ. ಇರುವುದು ಅದೊಂದೇ, ರಾಯರು ಅದನ್ನು ಸವೆಯುವಷ್ಟು ಸಲ ಹಾಕುತ್ತಾರೆ. ಷಡ್ಡಕ ಮಾತ್ರ ಒಂದನ್ನೂ ಹಾಕಿಲ್ಲವಂತೆ. ಮೀನಿನ ತೊಟ್ಟಿಯ ಪಕ್ಕ, ಹೆಂಡತಿಯ ಬಟ್ಟೆ ತೆಗೆಸಿ, ಗಾಜಿನ ಬೀರುವಿನಲ್ಲಿ ಕವರುಗಳನ್ನು ನಿಲ್ಲಿಸಿ, ಬಂದವರಿಗೆಲ್ಲ, "ಕೇಳೋದಲ್ಲ, ಇಟ್ಕೊಳ್ಳೋದು" ಅನ್ನುತ್ತಿದ್ದಾನಂತೆ.

ಮೊನ್ನೆ ಭಾನುವಾರ ಮಧ್ಯಾಹ್ನ ತಂಗಿ ಬಂದಳು. ಹೆಗಲಲ್ಲಿ ಅಗಲವಾದ ಬಟ್ಟೆ ಚೀಲ. ಬಾಗಿಲು ಮುಂದೆ ಮಾಡಿ, ಪತ್ರಿಕೆ ಓದುತ್ತಿದ್ದ ರಾಯರ ಕಡೆ ಒಮ್ಮೆ ನೋಡಿ, ಅಕ್ಕನ ಕಿವಿಯ ಬಳಿ ಬಾಗಿದಳು.

"ಅಕ್ಕಾ, ನಿನ್ನ ಹತ್ರ ದುಂಡಗಿನ ರಟ್ಟು ಏನಾದ್ರೂ ಇದೆಯಾ?"

ರಾಯರು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಅಕ್ಕ ಯಂತ್ರ ನಿಲ್ಲಿಸಿ, ಬಟ್ಟೆ ರಾಶಿಯ ಕೆಳಗಿಂದ ಹಗ್ಗ ಕಟ್ಟಿದ ಕಟ್ಟೊಂದನ್ನು ಎಳೆದು ತಂಗಿಯ ಮುಂದಿಟ್ಟಳು.

"ಹೊಸದಾಗಿ ಕತ್ತರಿಸೋದು ಬೇಡ, ಅಳತೆ ಸರಿಯಾಗೇ ಇದೆ," ಅಂದಳು. "ಬೆಳಿಗ್ಗೆ ಹೊತ್ತು ಹೋಗು."